ಕಾಡು ಲೇಟು, ಕುಣಿತ ಆನ್ ಟೈಮ್

ಅಮೆಜಾನ್ ಕಾಡಿಗೆ ಹೊರಟ ದಾವಣಗೆರೆಯವರಿಗೆ ಮೊದಲ ಎಚ್ಚರಿಕೆ: ಅಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ. ಗಾಳಿಯಲ್ಲಿ ಅಷ್ಟು ನೀರಿದೆ. ಎ.ಸಿ. ರೂಮಿನಿಂದ ಹೊರತೆಗೆದ ಕ್ಯಾಮೆರಾ ಲೆನ್ಸಿಗೂ ಮಂಜು ಕಟ್ಟುತ್ತದೆ. ಜಿಪ್ ತೆಗೆಯದೆ ಬ್ಯಾಗನ್ನು ಅರ್ಧ ಗಂಟೆ ಹೊರಗಿಟ್ಟರೆ ಸರಿಹೋಗುತ್ತದೆ. ಮಂಡಕ್ಕಿಗೆ ಅಂಥ ಉಪಾಯವಿಲ್ಲ. ಹಳದಿ ಜ್ವರದ ಚುಚ್ಚುಮದ್ದು ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಅದರ ಕಾರ್ಡಿಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನವರೇ 6 ದಿನದವರೆಗೆ ಕೂಡಿಹಾಕಬಹುದು. ಬೋನಿನ ಒಳಗಿನ ಅನುಭವ ಸಿಗುವುದು ಅಲ್ಲೊಂದೇ.

ಉಳಿದಂತೆ ಪ್ರಾಣಿಗಳ ಮೇಲೆ ದೂರೋ ದೂರು. "ಇಷ್ಟ್ ರೊಕ್ಕ ಕೊಟ್ಟೀವಿ, ಜಾಗ್ವಾರ್ ಎಲ್ರೀ?" ಮಳೆಕಾಡಿನ ಬಹುಪಾಲು ಜೀವಿಗಳ ಸಂಸಾರ 30-40 ಮೀಟರ್ ಎತ್ತರದ ಮರದ ನೆತ್ತಿಯಲ್ಲಿ. ಕೆಳಗೆ ನಿಂತವರಿಗೆ ಕಾಣುವುದು ಎಲೆ, ಕೇಳುವುದು ಕೂಗು, ಬೀಳುವುದು ಹಿಕ್ಕೆ. ಚಿರತೆಯಂಥ ಚುಕ್ಕೆಯ ಈ ಜಾಗ್ವಾರನ್ನು ನೋಡಲೇಬೇಕೆಂದರೆ ಬ್ರೆಜಿಲ್‌ನ ಪಾಂಟನಾಲ್ ಜೌಗಿನ ನದಿದಂಡೆಯೇ ಮೇಲು. ಆದರೆ ಬ್ರೋಷರಿನಲ್ಲಿ ಜಾಗ್ವಾರ್ ಹಲ್ಲು ಕಿರಿಯುವುದು ಮಳೆಕಾಡಿನ ಪ್ಯಾಕೇಜಿನ ಮೇಲೆ. ಕೊಂಬೆಗೆ ನೇತಾಡುವ ಸೋಮಾರಿ ಪ್ರಾಣಿ, ಮೂರು ಬೆರಳಿನ ಸ್ಲಾತ್ ನೆಲಕ್ಕಿಳಿಯುವುದು ಸುಮಾರು ವಾರಕ್ಕೊಮ್ಮೆ, ಅದೂ ಕಕ್ಕಸಿಗೆ. ಪ್ಯಾಕೇಜ್ 3 ರಾತ್ರಿ, 4 ಹಗಲು. ಜೇಬಿಗೆ ಹಿಡಿಯುವ 10×25 ದುರ್ಬೀನು ಬೇರೆ; ಅಂದರೆ ಹತ್ತು ಪಟ್ಟು ಹಿಗ್ಗಿಸುವ, 25 ಮಿ.ಮೀ. ಅಗಲದ ಗಾಜಿನದು. 25ನ್ನು 10ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ ಎರಡೂವರೆ ಮಿ.ಮೀ. ಮರದಡಿಯ ಮಬ್ಬಿನಲ್ಲಿ ಅದರೊಳಗೆ ಕಾಣುವುದು ಮಬ್ಬೇ. 8×42 ತಂದವರಿಗೆ ಐದು ಮಿ.ಮೀ. ದಾಟುತ್ತದೆ, ಕೋತಿಯ ಮುಖವಾದರೂ ಗೊತ್ತಾಗುತ್ತದೆ.

ಪೆರುವಿನ ತಂಬೋಪಾಟದ ಮಣ್ಣುದಂಡೆಯಲ್ಲಿ ಸ್ವಲ್ಪ ಭರವಸೆಯಿದೆ. ಕಡಲಿಂದ ದೂರದ ಆ ಸೀಮೆಯಲ್ಲಿ ಉಪ್ಪಿಗೆ ಬರ. ಹಾಗಾಗಿ ಮಕಾವ್ ಗಿಳಿಗಳು ಬೆಳಗಾಗುತ್ತಲೇ ಸೋಡಿಯಂ ಇರುವ ಮಣ್ಣು ತಿನ್ನಲು ಬರುತ್ತವೆ. ಮಳೆ ಬಂದರೆ ಅದೂ ಇಲ್ಲ. ಕತ್ತಲಲ್ಲೇ ದೋಣಿ ಹತ್ತಿ ಹೋಗಿ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಗಿಳಿಗಳು ಮೊದಲು ಮರದ ಮೇಲೆ ಕೂತು ಅರಚುತ್ತವೆ. ಒಂದು ಧೈರ್ಯ ಮಾಡಿ ಕೆಳಕೊಂಬೆಗೆ ಬರುತ್ತದೆ, ಹಿಂದೆ ಇನ್ನೆರಡು. ಸರಿಯಾಗಿ ಆಗಲೇ ನಮ್ಮವರೊಬ್ಬರು ಮಂಡಕ್ಕಿ ಕವರ್ ಬಿಚ್ಚುತ್ತಾರೆ. ಚರ್ ಎಂಬ ಒಂದೇ ಸದ್ದಿಗೆ ಇಡೀ ಹಿಂಡು ಎದ್ದು ನದಿಯಾಚೆ ಹೋಗುತ್ತದೆ. ಮಂಡಕ್ಕಿ ನೋಡಿದರೆ ಅದೂ ಮೆತ್ತಗೆ.

ಈ ಅವಮಾನಕ್ಕೆಲ್ಲ ಮುಲಾಮು ಪೆರುವಿನದೇ ಇಕಿಟೋಸ್‌ನಲ್ಲಿ ಸಿಗುತ್ತದೆ. ಹೊರಗಿನಿಂದ ರಸ್ತೆಯೇ ಇಲ್ಲದ ನಗರ; ವಿಮಾನ, ಇಲ್ಲವೇ ದೋಣಿ. ಅಲ್ಲಿಂದ ಮತ್ತೆ ದೋಣಿಯಲ್ಲಿ ಬೋರಾ ಎಂಬ ಬುಡಕಟ್ಟಿನ ಜನರ ಹತ್ತಿರ. ಪ್ರವಾಸಿಗರು ಬರುವ ಹೊತ್ತಿಗೆ ಟೀ ಶರ್ಟ್ ಒಳಗೆ ಹೋಗಿ, ಮರದ ತೊಗಟೆ ಬಡಿದು ಬಣ್ಣ ಬರೆದ ಉಡುಗೆ ಹೊರಗೆ ಬಂದಿರುತ್ತದೆ. ಮಾಲೋಕಾ ಎಂಬ ದೊಡ್ಡ ಮನೆಯಲ್ಲಿ ಕುಣಿತ, ಕೊನೆಗೆ ಅತಿಥಿಗಳನ್ನೂ ಕೈಹಿಡಿದೆಳೆದು ಒಂದು ಸುತ್ತು, ಆಮೇಲೆ ಚಂಬೀರಾ ತಾಳೆನಾರಿನ ಚೀಲ, ಮಣಿಸರಗಳ ವ್ಯಾಪಾರ. ದೋಣಿ ತಿರುಗಿದ ಮೇಲೆ ಮತ್ತೆ ಟೀ ಶರ್ಟ್. ಅವರನ್ನು ಆಡಿಕೊಳ್ಳುವ ಹಾಗಿಲ್ಲ. ಪೆರು-ಕೊಲಂಬಿಯಾ ಗಡಿಯ ಪುಟುಮಾಯೋ ನದಿ ಸೀಮೆಯಲ್ಲಿ ರಬ್ಬರ್ ವ್ಯಾಪಾರಿಗಳು ಈ ಜನರನ್ನು ಚಾವಟಿ ಹಿಡಿದು ದುಡಿಸಿ ಕೊಂದದ್ದು 1910ರ ಸುಮಾರಿಗೆ ಲೋಕಕ್ಕೆಲ್ಲ ತಿಳಿಯಿತು. ಅದರ ಮುಂದೆ ಕುಣಿದು ಕಾಸು ಎಣಿಸುವುದು ಮರ್ಯಾದೆಯ ಕಸುಬು. ನಗಬೇಕಾದ್ದು "ಇನ್ನೂ ಹಂಗೇ ಅದಾರ್ ನೋಡ್ರಿ, ಎಷ್ಟ್ ಮುಗ್ಧರು!" ಎಂದು ಕಣ್ಣೊರೆಸಿಕೊಳ್ಳುವ ನಮ್ಮವರನ್ನು ಕಂಡು. ಮಾರ್ಕು ಹಾಕುವಾಗಲೂ ಅಷ್ಟೇ: ಹೇಳಿದ ಟೈಮಿಗೆ ಬಾರದ ಕಾಡಿಗೆ ಎರಡು ಸ್ಟಾರ್, ಬಂದ ಬುಡಕಟ್ಟಿಗೆ ಐದು.

ಇತ್ತ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮವಿದೆ, 2011ರಿಂದ. ಸುಮಾರು 77 ಚದರ ಕಿ.ಮೀ. ನಾಲ್ಕು ಕೊಂಬಿನ ಹುಲ್ಲೆ, ಕೊಂಬು ಗಂಡಿಗೆ ಮಾತ್ರ. ದೊಡ್ಡ ಹಿಂಡು ಕಟ್ಟದ, ಕುರುಚಲಲ್ಲಿ ಅಲ್ಲಾಡದೆ ನಿಲ್ಲುವ ಪ್ರಾಣಿ. ಹಿಕ್ಕೆಯನ್ನು ಮಾತ್ರ ಗೊತ್ತಾದ ಜಾಗದಲ್ಲೇ ಹಾಕುತ್ತದೆ. ಆ ಗುಡ್ಡೆ ಕಂಡಲ್ಲಿ, ನೀರಿನ ಆಸುಪಾಸು, ಗಾಳಿಗೆ ಎದುರಾಗಿ ತೆಪ್ಪಗೆ ಕೂರಬೇಕು. ಹಿಕ್ಕೆ ಕಾಯುವುದಕ್ಕೆ ಪಾಸ್‌ಪೋರ್ಟ್ ಬೇಡವಾದ್ದರಿಂದ ಯಾರೂ ಹೋಗುವುದಿಲ್ಲ.

ಚಳ್ಳಕೆರೆ ಕಡೆ ದನ ಕಾಯುವ ಬುಡಕಟ್ಟಾದ ಮ್ಯಾಸಬೇಡರ ದೇವರ ಎತ್ತುಗಳಿವೆ. ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿ ಮೇಯಿಸುತ್ತಾನೆ, ಹೆಗಲಲ್ಲಿ ಕಂಬಳಿ, ಕಿವಿಯಲ್ಲಿ ಮೊಬೈಲ್. ಅಮೆಜಾನ್ ನೋಡಿಬಂದವರ ಕಾರು ಅಲ್ಲಿ ನಿಂತರೆ ಗಾಜು ಇಳಿಯುತ್ತದೆ.

"ತಮ್ಮಾ, ಇಲ್ಲಿ ಡ್ರೆಸ್ ಹಾಕ್ಕೊಂಡು ಕುಣಿಯೋದು ಎಷ್ಟೊತ್ತಿಗೆ?"

"ಎತ್ತು ನೀರಿಗೆ ಹೊಂಟವೆ, ಕಾರ್ ಪಕ್ಕಕ್ಕೆ ಹಾಕ್ರಣ್ಣ."