ವಿಶೇಷ ಏನೂ ಇಲ್ಲ

ಭಾನುವಾರ ಮಾಟುಂಗದಲ್ಲಿ ಒಂದು ಮದುವೆ. ಊಟಕ್ಕೆ ಪಕ್ಕದಲ್ಲಿ ಕೂತ ದೊಡ್ಡಮ್ಮ ಸಾರನ್ನ ಕಲಸುತ್ತಲೇ ಕೇಳಿದರು, "ಎಂತ ಮಾರಾಯ್ತಿ, ವಿಶೇಷ ಉಂಟಾ?" ನಾನು ಇನ್ನೊಂದು ಚೂರು ಉಪ್ಪಿನಕಾಯಿ ಹಾಕಿಸಿಕೊಂಡೆ. "ಈ ಬೊಂಬಾಯಿ ಹುಡುಗಿಯರಿಗೆ ಕೆಲಸ ಒಂದಿದ್ದರೆ ಸಾಕು" ಅಂತ ಉತ್ತರವನ್ನೂ ಅವರೇ ಕೊಟ್ಟುಕೊಂಡರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಮಕ್ಕಳು ಮಹಾರಾಷ್ಟ್ರದಲ್ಲಿ 1.7. ಕರ್ನಾಟಕದಲ್ಲೂ 1.7. ಊರಲ್ಲಿರುವವರೇನೂ ಡಜನ್ ಹೆತ್ತಿಲ್ಲ. ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಪಾಯಸ ಬಂತು.

ನನ್ನ ಕಥೆ ಉಲ್ಟಾ. ಮಗು ಬೇಕು ಅಂತ ಹೊರಟ ಮೇಲೇ ಕೆಲಸ ಅಲ್ಲಾಡತೊಡಗಿದ್ದು.

ಐವಿಎಫ್ (ಅಂಡವನ್ನೂ ವೀರ್ಯಾಣುವನ್ನೂ ಲ್ಯಾಬಲ್ಲಿ ಸೇರಿಸಿ, ಭ್ರೂಣವನ್ನು ಗರ್ಭಕ್ಕೆ ಬಿಡುವ ಚಿಕಿತ್ಸೆ) ಅಂದರೆ ಎಲ್ಲರೂ ಬಿಲ್ ಎಷ್ಟಾಯ್ತು ಅಂತಾರೆ. ರಜೆ ಎಷ್ಟಾಯ್ತು ಅಂತ ಯಾರೂ ಕೇಳಲ್ಲ. ಮುಟ್ಟಿನ ಎರಡನೇ ದಿನ ಸ್ಕ್ಯಾನ್. ಆಮೇಲೆ ಹತ್ತು-ಹನ್ನೆರಡು ದಿನ ಇಂಜೆಕ್ಷನ್, ನಡುನಡುವೆ ಮತ್ತೆ ಸ್ಕ್ಯಾನ್. ಫಾಲಿಕಲ್, ಅಂದರೆ ಅಂಡದ ಚೀಲ, ಬೆಳೆದದ್ದು ನೋಡಿಯೇ ಮುಂದಿನ ತಾರೀಕು. ಬುಧವಾರ ರಜೆ ಬೇಕೋ ಗುರುವಾರವೋ ಅನ್ನೋದು ಮಂಗಳವಾರ ಗೊತ್ತಾಗುತ್ತದೆ. ಮ್ಯಾನೇಜರ್‌ಗೆ ಹಲ್ಲುನೋವು ಅಂದೆ. ಎಷ್ಟು ಸಲ ಅಂತ ಹಲ್ಲು ನೋಯುತ್ತೆ? ಡೊಂಬಿವಲಿ ಫಾಸ್ಟ್ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಟಿಫಿನ್ ಬ್ಯಾಗ್ ಎದೆಗವಚಿಕೊಂಡು ನಿಲ್ಲುತ್ತಿದ್ದೆ. ಒಳಗೆ ಐಸ್‌ಪ್ಯಾಕ್, ಇಂಜೆಕ್ಷನ್ ಪೆನ್. ಆಫೀಸ್ ಫ್ರಿಜ್‌ನಲ್ಲಿ ಯಾರದೋ ಮೊಸರಿನ ಡಬ್ಬಿ ಹಿಂದೆ ಬಚ್ಚಿಡುತ್ತಿದ್ದೆ. ತಿಂಗಳ ಕೊನೆಯ ಕ್ಲೋಸಿಂಗ್ ದಿನ ರಾತ್ರಿ ಎಂಟಕ್ಕೆ ವಾಶ್‌ರೂಮಲ್ಲೇ ಹೊಟ್ಟೆಗೆ ಚುಚ್ಚಿಕೊಂಡೆ.

ತೊಂದರೆ ಇದ್ದದ್ದು ನಮ್ಮವರಿಗೆ, ವೀರ್ಯಾಣು ಕಮ್ಮಿ. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಸ್ಯಾಂಪಲ್ ಕೊಟ್ಟು ಹತ್ತೂವರೆಗೆ ಅವರು ಆಫೀಸಲ್ಲಿದ್ದರು. ಸೂಜಿ, ಅನಸ್ತೇಶಿಯಾ, ರಜೆ ಎಲ್ಲ ನನ್ನ ಖಾತೆಗೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರ ಆಯಿತು. ಗರ್ಭಪಾತವಾದರೂ 6 ವಾರ ಇದೆ. ಬಸಿರು ನಿಲ್ಲಲಿ ಅಂತ ಒದ್ದಾಡುವವಳಿಗೆ ಆ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. ಗರ್ಭಕ್ಕೆ ಭ್ರೂಣ ಬಿಟ್ಟ ನನ್ನ ಮೊದಲ ಟ್ರಾನ್ಸ್‌ಫರ್ ನಿಲ್ಲಲಿಲ್ಲ. ಬೀಟಾ ರಿಪೋರ್ಟ್ (ಬಸಿರು ನಿಂತಿದೆಯಾ ಅಂತ ಹೇಳುವ ರಕ್ತಪರೀಕ್ಷೆ) ಬಂದ ಮರುದಿನ ಜಿಎಸ್‌ಟಿ ಫೈಲಿಂಗ್‌ಗೆ ಕೂತಿದ್ದೆ. ಅಪ್ರೈಸಲ್‌ನಲ್ಲಿ 'ಹಾಜರಿ ಸರಿಯಿಲ್ಲ' ಅಂತ ಬಂತು. ಇನ್‌ಕ್ರಿಮೆಂಟ್ ಅರ್ಧ.

ಇದೇ ಮುಂಬೈಯಲ್ಲಿ, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ, 1986ರಲ್ಲೇ, ಡಾ. ಇಂದಿರಾ ಹಿಂದೂಜಾ ಅವರ ತಂಡ ಐವಿಎಫ್ ಮಗುವನ್ನು ಹುಟ್ಟಿಸಿತ್ತು. ಟ್ರೇನ್ ಪರೇಲ್ ದಾಟುವಾಗೆಲ್ಲ ನೆನಪಾಗುತ್ತದೆ. ಇಷ್ಟು ವರ್ಷವಾದರೂ ನಮ್ಮ ರಜೆ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಮುಂದಿನ ತಿಂಗಳು ಎರಡನೇ ಸೈಕಲ್. ಈ ಸಲ ಹಲ್ಲುನೋವು ಬೇಡ, ಐವಿಎಫ್ ಅಂತಲೇ ಬರೆಯುತ್ತೇನೆ. ಎಚ್‌ಆರ್‌ನವರು ಎಲ್ಲಿ ಹಾಕಿಕೊಳ್ತಾರೋ ಹಾಕಿಕೊಳ್ಳಲಿ.