ಗ್ರಹಣ ನೋಡೋಕೆ ಗೆಳೆಯರು ಬೇಕು

ಗ್ರಹಣ ಬಂತು ಅಂದ್ರೆ ಟಿವಿಯಲ್ಲಿ ಎರಡೇ ಥರದವರು. ಒಬ್ಬರು ರಾಶಿ ಹೇಳಿ ಹೆದರಿಸುತ್ತಾರೆ. ಇನ್ನೊಬ್ಬರು ಹೆದರಿದವರನ್ನು ಮೂಢರು ಅಂತ ಬೈಯುತ್ತಾರೆ. ಇವರ ಜಗಳ ಕೇಳಿ ಯಾರಾದರೂ ಮನೆಯಿಂದ ಹೊರಗೆ ಬಂದಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ಹಾಸ್ಟೆಲ್ ಗ್ಯಾಂಗನ್ನು ಹೊರಗೆ ತಂದದ್ದು ಮಂಗಳೂರಿನ ಗೆಳೆಯ. 2019ರ ಡಿಸೆಂಬರ್ 26ರಂದು ಬೆಂಗಳೂರಿಗೆ ಸಿಕ್ಕಿದ್ದು ಪಾರ್ಶ್ವ ಸೂರ್ಯಗ್ರಹಣ ಮಾತ್ರ. ಸೂರ್ಯನ ಅಂಚು ಬಳೆಯ ಹಾಗೆ ಉಳಿಯೋ ಕಂಕಣ ಗ್ರಹಣ ಕಾಣಬೇಕಂದ್ರೆ ಮಂಗಳೂರು, ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರು ಕಡೆ ಹೋಗಬೇಕಿತ್ತು. "ಕ್ರಿಸ್‌ಮಸ್‌ಗೆ ಬನ್ರೋ, ಮರುದಿನ ಗ್ರಹಣ ಫ್ರೀ" ಅಂದ. ಹೋದೆವು.

ನಮ್ಮಲ್ಲಿ ಒಬ್ಬ ಹಾಸನದ ಕಡೆಯವನು. ಬೆಳಗಿನಿಂದ ಅವರಮ್ಮನ ಫೋನ್. ಹೊರಗೆ ಹೋಗ್ಬೇಡ, ಏನೂ ತಿನ್ಬೇಡ ಕಣೋ. ಅವನು ತಿನ್ನಲಿಲ್ಲ. ನಾವು ಅವನೆದುರೇ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಗೆ ಕೈ ಹಾಕಿ ಕರ್ಜಿಕಾಯಿಯಂಥ ನೆವ್ರಿ ಕಡಿಯುತ್ತಿದ್ದೆವು. ಯಾರೂ ರೇಗಿಸಲಿಲ್ಲ. ಗೆಳೆಯನ ಅಮ್ಮ ಅವನ ಪಾಲನ್ನು ಡಬ್ಬಿಗೆ ಹಾಕಿ ಎತ್ತಿಟ್ಟರು, ಅಷ್ಟೇ. ಸ್ವಲ್ಪ ಹೊತ್ತಿಗೆ ಅವನೂ ತಾರಸಿ ಹತ್ತಿದ.

ಒಂಬತ್ತು ದಾಟಿದ ಮೇಲೆ ಬಿಸಿಲು ಸಪ್ಪೆಯಾಯಿತು. ಮೈಗೆ ತಂಪು ತಟ್ಟಿತು. ಬಿಸಿಲಿಗೆ ತೂತಿನ ಪಾತ್ರೆ ಹಿಡಿದರೆ ನೆಲದ ತುಂಬ ಸೂರ್ಯನ ಬಿಂಬಗಳು: ಮೊದಲು ಪುಟ್ಟ ಪುಟ್ಟ ಕುಡುಗೋಲು, ಆಮೇಲೆ ಉಂಗುರಗಳು. ಗ್ರಹಣದ ಕನ್ನಡಕ ಕೈಯಿಂದ ಕೈಗೆ ಓಡಾಡುತ್ತಿತ್ತು. ಅಂಚು ಯಾಕೆ ಉಳಿಯಿತು ಅಂತ ಯಾರೋ ಕೇಳಿದರು. ಡಿಸೆಂಬರ್ ಕೊನೆಗೆ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ, ಸೂರ್ಯ ತುಸು ದೊಡ್ಡದಾಗಿ ಕಾಣ್ತಾನೆ, ಮುಚ್ಚೋಕೆ ಚಂದ್ರ ಸಾಲಲಿಲ್ಲ. ಹೇಳಿದ್ದು ಯಾರು ಗೊತ್ತಾ? ಹಾಸನದವನೇ! ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದ. ಅವನಿಗೆ ಕಡಿಮೆ ಇದ್ದದ್ದು ವಿಜ್ಞಾನ ಅಲ್ಲ. ಪಕ್ಕದಲ್ಲಿ ನಿಲ್ಲೋ ನಾಲ್ಕು ಜನ.

ಆಮೇಲೆ ಅವನು ಸ್ನಾನ ಮಾಡಿಯೇ ಡಬ್ಬಿ ತೆರೆದ. ಮಾಡಲಿ ಬಿಡಿ, ಸ್ನಾನದಿಂದ ಯಾರಿಗೇನು ನಷ್ಟ?

ಎಲ್ಲ ಆಚರಣೆಯನ್ನೂ ಹೀಗೆ ಬಿಟ್ಟುಬಿಡಿ ಅಂತ ಹೇಳ್ತಿಲ್ಲ. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತೆ ಅಂತ ನಂಬಿ, ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಅಂಥ ಕಡೆ ಮೊದಲು ಮಗುವನ್ನು ಮೇಲೆತ್ತಬೇಕು. ಸ್ನೇಹದ ಮಾತೆಲ್ಲ ಆಮೇಲೆ. ಆದರೆ ನಮ್ಮ ಮನೆಗಳಲ್ಲಿ ಇರೋದು ಜಾಸ್ತಿ ಸುಮ್ನೆ ಅಂಜಿಕೆ.

2020ರ ಜೂನ್ 21ರ ಗ್ರಹಣದ ಹೊತ್ತಿಗೆ ಎಲ್ಲರೂ ಅವರವರ ಊರಲ್ಲಿದ್ದೆವು. ಗ್ರೂಪಿಗೆ ಹಾಸನದಿಂದ ಒಂದು ಫೋಟೋ ಬಂತು. ಅಂಗಳದಲ್ಲಿ ಅವರಮ್ಮ, ಕೈಯಲ್ಲಿ ತೂತಿನ ಪಾತ್ರೆ!

2031ರ ಮೇ 21ಕ್ಕೆ ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡಿನ ಮಧುರೆ ಮೇಲೆ ಹಾದುಹೋಗುತ್ತೆ. ಮಧುರೆಯಲ್ಲಿ ನೆಂಟರಿರೋರು ಯಾರಾದ್ರೂ ಇದ್ದೀರಾ? ನಮ್ಮದು ದೊಡ್ಡ ಗ್ಯಾಂಗು, ಮಲಗೋಕೆ ತಾರಸಿ ಸಾಕು.