ನಿಮ್ಮಪ್ಪ ಗ್ಲೌಸ್ ಕೊಡಿಸಲಿಲ್ವಾ?

ಅಮೆರಿಕದ ಸಿನ್ಸಿನಾಟಿಗೆ ಬಂದ ಹೊಸತು. ಪಕ್ಕದ ಮನೆ ಹುಡುಗ ಹಿತ್ತಲಿನಿಂದ ಬೇಸ್‌ಬಾಲ್ ಎಸೆದ. ನಾನು ದಾವಣಗೆರೆ ಹೈಸ್ಕೂಲ್ ಮೈದಾನದ ಗತ್ತಿನಲ್ಲಿ ಬರಿಗೈಲಿ ಹಿಡಿದೆ. ಹಿಡಿದಿದ್ದೂ ನಿಜ, ಕಿರುಬೆರಳು ಬದನೆಕಾಯಿ ಆಗಿದ್ದೂ ನಿಜ. ಹುಡುಗ ನನ್ನ ಕೈಯನ್ನೇ ನೋಡಿ ಕೇಳಿದ: "ಚಿಕ್ಕವರಿದ್ದಾಗ ನಿಮ್ಮಪ್ಪ ಗ್ಲೌಸ್ ಕೊಡಿಸಲಿಲ್ವಾ?"

ಬೆರಳಿಗಿಂತ ಈ ಮಾತೇ ಜಾಸ್ತಿ ನೋಯಿಸಿತು. ನಮ್ಮ ಕ್ರಿಕೆಟ್‌ನಲ್ಲಿ ಚೆಂಡು ಹಿಡಿಯೋ ಗ್ಲೌಸ್ ವಿಕೆಟ್ ಕೀಪರ್‌ಗೆ ಮಾತ್ರ. ಅದೂ ಇಡೀ ಸ್ಕೂಲಿಗೆ ಹತ್ತಿ ಕಿತ್ತುಬಂದ ಒಂದೇ ಜೋಡಿ. ಉಳಿದವರಿಗೆ ಪೆಟ್ಟಾದರೆ ಗೆಳೆಯರು ಬೆರಳು ಎಳೆದು ನೆಟಿಕೆ ತೆಗೆಯುತ್ತಿದ್ದರು, ಆಟ ಮುಂದುವರಿಯುತ್ತಿತ್ತು. ಸಂಜೆ ಮನೆಯಲ್ಲಿ ಅರಿಶಿನ-ಸುಣ್ಣ. ಯಾರಾದರೂ ಕಣ್ಣೀರು ಹಾಕಿದರೆ, "ಹೋಗಿ ಕುಂಟೆಬಿಲ್ಲೆ ಆಡೋಗು" ಅನ್ನುತ್ತಿದ್ದೆವು. ಎಂಥಾ ಪೆದ್ದರು ನಾವು!

ಇಲ್ಲಿಯವರೂ ಮೊದಲು ಹೀಗೇ ಇದ್ದರು. ಇದೇ ಊರಿನ ರೆಡ್ ಸ್ಟಾಕಿಂಗ್ಸ್ ಬೇಸ್‌ಬಾಲ್ ತಂಡದ ಕ್ಯಾಚರ್ (ನಮ್ಮ ಕೀಪರ್ ಇದ್ದ ಹಾಗೆ) ಡಗ್ ಆಲಿಸನ್, 1870ರಲ್ಲಿ ಕೈ ನೋವು ತಡೆಯಲಾರದೆ ಜಿಂಕೆ ಚರ್ಮದ ಗ್ಲೌಸ್ ಹಾಕಿಕೊಂಡು ಆಡಿದ. ಐದು ವರ್ಷದ ಮೇಲೆ ಚಾರ್ಲ್ಸ್ ವೇಟ್ ಎಂಬ ಆಟಗಾರ ಹಾಕಿದ್ದು ಮೈಬಣ್ಣದ್ದು. ಯಾಕೆ? ಜನಕ್ಕೆ ಕಾಣಬಾರದು ಅಂತ! ಕುಂಟೆಬಿಲ್ಲೆ ಭಯ ಅವನಿಗೂ ಇತ್ತು ಅಲ್ವಾ? 1877ರಲ್ಲಿ ದೊಡ್ಡ ಹೆಸರಿನ ಆಟಗಾರ ಸ್ಪಾಲ್ಡಿಂಗ್ ಕರಿ ಗ್ಲೌಸ್ ಹಾಕಿಕೊಂಡೇ ಮೈದಾನಕ್ಕಿಳಿದ. ಅವನನ್ನು ನೋಡಿ ಯಾರೂ ನಗಲಿಲ್ಲವಂತೆ. ಅವನದು ಆಟದ ಸಾಮಾನಿನ ಅಂಗಡಿ ಬೇರೆ ಇತ್ತು, ಬಿಡಿ.

ಆ ಗ್ಲೌಸ್ ತೆಳು ಚರ್ಮದ್ದು. ಚೆಂಡು ಎಸೆಯೋಕೆ ಅಡ್ಡ ಬರಬಾರದು ಅಂತ ಬೆರಳಿನ ತುದಿ ಕತ್ತರಿಸಿರುತ್ತಿದ್ದರು. 1884ರಲ್ಲಿ ದೊಡ್ಡ ತಂಡಗಳ ನ್ಯಾಷನಲ್ ಲೀಗ್‌ನಲ್ಲಿ, ಬ್ಯಾಟ್ ಹಿಡಿದವನಿಗೆ ಚೆಂಡು ಹಾಕುವವನಿಗೆ ಭುಜದ ಮೇಲಿಂದ ಎಸೆಯಲು ಬಿಟ್ಟರು. ಚೆಂಡಿನ ಹೊಡೆತ ಜೋರಾಯಿತು, ತೆಳು ಚರ್ಮ ಸಾಲದಾಯಿತು. 1888ರಲ್ಲಿ ಕನ್ಸಾಸ್ ಸಿಟಿಯ ಕ್ಯಾಚರ್ ಜೋ ಗನ್ಸನ್, ಅವನೇ ಹೇಳಿಕೊಂಡ ಹಾಗೆ, ಬೆರಳಿಗೆ ಪೆಟ್ಟಾಗಿದ್ದರೂ ಆಡಲೇಬೇಕಿತ್ತು. ಗ್ಲೌಸಿನ ಬೆರಳುಗಳನ್ನು ಒಂದಕ್ಕೊಂದು ಹೊಲಿದು, ಹಳೇ ಪೇಂಟ್ ಡಬ್ಬದ ಹಿಡಿಕೆಯ ತಂತಿ ಸೇರಿಸಿ, ಅಂಗೈಗೆ ಕುರಿ ಚರ್ಮ ಇಟ್ಟು, ಮೇಲೆ ಜಿಂಕೆ ಚರ್ಮ ಹೊದಿಸಿದ. ದಪ್ಪ ದಿಂಬಿನಂಥ ಮಿಟ್ ತಯಾರು. ಆದರೆ ಮರುವರ್ಷ ಪೇಟೆಂಟ್ ಹೋಗಿದ್ದು ಹ್ಯಾರಿ ಡೆಕರ್ ಹೆಸರಿಗೆ.

ಬೆರಳು ನೊಂದಾಗ ಅವರು ತಂತಿ ಹುಡುಕಿದರು, ನಾವು ಸುಣ್ಣದ ಡಬ್ಬಿ ಹುಡುಕಿದೆವು. ನನ್ನ ಸಿಟ್ಟು ಇಷ್ಟೇ.

ಹಾಗಂತ ಇವರಿಗೂ ಗ್ಲೌಸ್ ಅತಿಯಾಗುತ್ತಿದೆ ಅನ್ನಿಸಿತ್ತು. 1895ರಲ್ಲಿ ಕ್ಯಾಚರ್ ಮತ್ತು ಫಸ್ಟ್ ಬೇಸ್ (ಓಟದ ಮೊದಲ ನಿಲ್ದಾಣ) ಕಾಯುವವನನ್ನು ಬಿಟ್ಟು ಉಳಿದವರ ಗ್ಲೌಸ್ ಹತ್ತು ಔನ್ಸ್ ಮೀರಬಾರದು ಅಂತ ನಿಯಮ ತಂದರು. ಮತ್ತೆ, ಒಪ್ಪಬೇಕು, ಸ್ಲಿಪ್‌ನಲ್ಲಿ ಬರಿಗೈಗೆ ಚೆಂಡು ಬಿದ್ದಾಗಿನ ಆ 'ಟಪ್' ಸದ್ದು ಯಾವ ಮಿಟ್‌ನಲ್ಲೂ ಬರಲ್ಲ. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದದ್ದು ಹಾಗೇ ತಾನೇ? ಮೊನ್ನೆ ಹುಡುಗನಿಗೆ ವಿಡಿಯೋ ತೋರಿಸಿದೆ. ಬಾಯಿ ಬಿಟ್ಟುಕೊಂಡು ಎರಡೆರಡು ಸಲ ನೋಡಿದ.

ಆಮೇಲೆ ಮೆತ್ತಗೆ ಕೇಳಿದ: "ಇವರಿಗೂ ಕೊಡಿಸಲಿಲ್ವಾ?"